ಅಂಚು ಹೋದ ತಟ್ಟೆ

“ತೊಳೀಬೇಡಿ ಅಂತ ಎಷ್ಟು ಸಲ ಬಾಯಿ ಬಡ್ಕೋಬೇಕು ನಿಮ್ಮ ಹತ್ರ? ತಲೇಲಿ ಏನು ತುಂಬ್ಕೊಂಡಿದೀರಿ, ಬೂಸಾನಾ?”

ಮ್ಯಾನೇಜರು ಹೀಗೆ ಕೇಳುವಾಗ ಅವನ ಬಿಳಿ ಬೂಟುಗಳು ಗಂಜಿಯಲ್ಲಿ ಮುಳುಗಿದ್ದವು. ಎಷ್ಟು ಸಲ ಎಂದು ಕೇಳಿದನಲ್ಲ, ನಿಜ ಹೇಳಬೇಕೆಂದರೆ ಒಂದು ಸಲವೂ ಹೇಳಿರಲಿಲ್ಲ. ಆವತ್ತು ಬೆಳಿಗ್ಗೆಯಿಂದ ರೆಸಾರ್ಟಿನ ಊಟದ ಹಾಲಿನಲ್ಲಿ ಪಿಂಗಾಣಿ ತಟ್ಟೆ ನಿಂತುಹೋಗಿ, ಕಬ್ಬಿನ ಸಿಪ್ಪೆ ಒತ್ತಿ ಮಾಡಿದ ಟ್ರೇ ಬಂದಿತ್ತು. ಒಂದು ಸಲ ಉಂಡು ಅದನ್ನು ಹಿತ್ತಲಿನ ಗುಂಡಿಗೆ ಹಾಕಿದರೆ ಮಣ್ಣಾಗುತ್ತದೆ ಎಂದು ಬಡಿಸುವವರಿಗೆ ಹೇಳಿದ್ದರು, ಅಡುಗೆಯವನಿಗೆ ಹೇಳಿದ್ದರು, ಈಜುಕೊಳದಿಂದ ಒದ್ದೆ ಚಡ್ಡಿಯಲ್ಲೇ ಉಣ್ಣಲು ಬರುವ ಅತಿಥಿಗಳಿಗೂ ಬೋರ್ಡು ಬರೆದು ಹೇಳಿದ್ದರು. ತೊಳೆಯುವ ಕೋಣೆಯಲ್ಲಿ ಮೂರು ಜನ ಹೆಂಗಸರು ಇದ್ದಾರೆ ಎಂಬುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ನಾವು ಊಟದ ಹಾಲಿನ ಕಡೆಯ ಕಿಂಡಿಯಿಂದ ಬಂದದ್ದನ್ನು ತೊಳೆಯುವವರು. ಕಿಂಡಿಯಿಂದ ಮ್ಯಾನೇಜರು ಬಂದಿದ್ದರೆ ಅವನನ್ನೂ ತೊಳೆದು ಕವುಚಿ ಹಾಕುತ್ತಿದ್ದೆವು. ಇನ್ನೂರು ಟ್ರೇಗಳನ್ನು ಕುದಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಶ್ರದ್ಧೆಯಿಂದ ತಿಕ್ಕಿದೆವು. ಅವು ಮೊದಲು ಮೆತ್ತಗಾದವು, ಆಮೇಲೆ ಉಬ್ಬಿದವು, ಕೊನೆಗೆ ಕೈಯಲ್ಲೇ ಕರಗಿ ಮೋರಿಯ ಬಾಯಿಗೆ ಹೋಗಿ ಕೂತವು. ನೀರು ಉಕ್ಕಿ ಊಟದ ಹಾಲಿನವರೆಗೂ ಹೋಯಿತು.

“ತುಂಬ್ಕೊಂಡಿರೋದು ನಮ್ಮ ತಲೆಯಲ್ಲ ಸಾರ್, ನಿಮ್ಮ ಮೋರಿ,” ಎಂದಳು ದೊಡ್ಡಮ್ಮ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮೂವತ್ತು ವರ್ಷದಿಂದ ಪಾತ್ರೆ ತೊಳೆದವಳು. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಮೂರನೆಯವಳು ಎಡಚಿ. ಎಡಗೈಯಲ್ಲಿ ತಿಕ್ಕುತ್ತಿದ್ದಳು, ಬಲಗೈಯಲ್ಲಿ ತಿಕ್ಕುವ ನಮ್ಮಿಬ್ಬರಿಗಿಂತ ಬೇಗ ಮುಗಿಸುತ್ತಿದ್ದಳು. ಮ್ಯಾನೇಜರಿಗೆ ನಾವಿಟ್ಟ ಹೆಸರು ಹಸಿರಣ್ಣ. ಟ್ರೇ ಬರುವ ಒಂದು ವಾರ ಮೊದಲಿನಿಂದ ಅವನು ದಿನಾ ಹಸಿರು ಅಂಗಿಯನ್ನೇ ಹಾಕಿಕೊಂಡು ಬರುತ್ತಿದ್ದ.

ಮಾರನೆಯ ದಿನದಿಂದ ನಾವು ತೊಳೆಯುವವರು ಹೋಗಿ ಹೂಳುವವರಾದೆವು. ಅತಿಥಿಗಳು ಟ್ರೇಯ ಫೋಟೋ ತೆಗೆದುಕೊಂಡು, ಭೂಮಿಯನ್ನು ಉಳಿಸಿದ ಖುಷಿಯಲ್ಲಿ ಅರ್ಧ ಊಟ ಅದರಲ್ಲೇ ಬಿಟ್ಟು ಏಳುತ್ತಿದ್ದರು. ನಾವು ಅದನ್ನು ಹೊತ್ತು ಗುಂಡಿಗೆ ಸುರಿದು ಮಣ್ಣು ಎಳೆಯುತ್ತಿದ್ದೆವು. ಬೆನ್ನು ಹಿಡಿದುಕೊಂಡಿತು, ಆದರೆ ದೂರುವುದಕ್ಕೆ ಅದು ದೊಡ್ಡ ವಿಷಯವಾಗಿರಲಿಲ್ಲ. ಸೊಂಟ ನೋವು ನಮಗೆ ಹೊಸ ನೆಂಟನೇನಲ್ಲ.

ನಾನು ಹೇಳಬೇಕೆಂದಿರುವುದು ನಮ್ಮ ತಟ್ಟೆಗಳ ಮಾತು.

ತೊಳೆಯುವ ಕೋಣೆಯಲ್ಲಿ ನಲ್ಲಿಯ ಮೇಲೆ ಗಾಜು ಹಾಕಿದ ಒಂದು ಬೋರ್ಡಿದೆ. “ಅಂಚು ಒಡೆದ ತಟ್ಟೆ ಅತಿಥಿಗೆ ಹೋಗಕೂಡದು” ಎಂದು ಬರೆದು ಧಣಿ ಕೆಳಗೆ ಸಹಿ ಮಾಡಿದ್ದಾನೆ. ಅತಿಥಿಗೆ ಹೋಗದ್ದು ನಮಗೆ ಬರುತ್ತದೆ ಎಂಬುದು ಆ ಬೋರ್ಡಿನಲ್ಲಿ ಬರೆಯದ ಎರಡನೆಯ ಸಾಲು. ಹಾಗಾಗಿ ನಮ್ಮಲ್ಲಿ ಒಬ್ಬೊಬ್ಬರಿಗೂ ಅಂಚು ಹೋದ ಒಂದು ತಟ್ಟೆಯಿತ್ತು. ನನ್ನದಕ್ಕೆ ಉಗುರಿನಷ್ಟು ಚಿಪ್ಪು ಹೋಗಿತ್ತು. ದೊಡ್ಡಮ್ಮನದಕ್ಕೆ ನೀಲಿ ಗೆರೆಯ ಅಂಚಿನಲ್ಲಿ ಅಕ್ಕಪಕ್ಕ ಎರಡು ಕಚ್ಚು. ಅವಳು ಹನ್ನೊಂದು ವರ್ಷ ಅದರಲ್ಲೇ ಉಂಡಿದ್ದಳು. ಅತಿಥಿಗಳ ಊಟವಾಗಿ ಮೂರು ಗಂಟೆಗೆ ಹಿಂದಿನ ಮೆಟ್ಟಿಲ ಮೇಲೆ ಕೂತು, ಅವರವರ ತಟ್ಟೆಯಲ್ಲಿ ಅವರವರು ಉಣ್ಣುವುದು. ಇಡೀ ದಿನದಲ್ಲಿ ನಮ್ಮದು ಅನ್ನುವುದು ಅದೊಂದೇ ಆಗಿತ್ತು.

ಇನ್ನೊಂದು ಗುಟ್ಟಿದೆ. ತಟ್ಟೆ ತಾನಾಗಿ ಒಡೆಯುವುದಿಲ್ಲ. ಯಾರಾದರೂ ಹೊಸಬಳು ಕೆಲಸಕ್ಕೆ ಸೇರಿದ ದಿನ ದೊಡ್ಡಮ್ಮ ಒಂದು ಒಳ್ಳೆಯ ತಟ್ಟೆ ಆರಿಸಿ, ತೊಳೆದು, ನಲ್ಲಿಯ ಮೂತಿಗೆ ಟಕ್ ಎಂದು ತಗುಲಿಸುತ್ತಿದ್ದಳು. ಬಿರುಕು ಬಿಡುವಂತಿಲ್ಲ, ಚೂರಾಗುವಂತಿಲ್ಲ, ಅಂಚಿನ ಒಂದು ಚಿಪ್ಪು ಮಾತ್ರ ಹಾರಬೇಕು. ಆಮೇಲೆ, “ಅಯ್ಯೋ, ಅಂಚು ಹೋಯ್ತಲ್ಲೇ. ತಗೋ, ಇದು ನಿಂದು. ಊಟ ಮಾಡಿದೀಯಾ?” ಎಂದು ಅವಳ ಕೈಗಿಡುತ್ತಿದ್ದಳು. ಕೆಲಸಕ್ಕೆ ಸೇರಿದ್ದು ಖಾತ್ರಿಯಾಗುತ್ತಿದ್ದದ್ದು ಆಗಲೇ. ಆಫೀಸಿನವರು ಕೊಡುವ ಚೀಟಿಗೆ ನಮ್ಮಲ್ಲಿ ಅಷ್ಟು ಬೆಲೆಯಿರಲಿಲ್ಲ.

ಟ್ರೇ ಬಂದ ಮೂರನೆಯ ದಿನ ಹಸಿರಣ್ಣ ನಮ್ಮ ಮೂರು ತಟ್ಟೆಗಳನ್ನೂ ಗೋಣಿಗೆ ತುಂಬಿ ಕಸದ ಲಾರಿಗೆ ಎತ್ತಿಸಿಬಿಟ್ಟ. ಒಡಕು ತಟ್ಟೆ ಯಾರದ್ದಾದರೂ ಫೋಟೋದಲ್ಲಿ ಬಂದರೆ ರೆಸಾರ್ಟಿನ ಮಾನ ಹೋಗುತ್ತದಂತೆ. ಒಳ್ಳೆಯ ತಟ್ಟೆಗಳು ಉಗ್ರಾಣದಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಹಾಗಾದರೆ ನಾವು ಯಾವುದರಲ್ಲಿ ಉಣ್ಣಬೇಕು ಎಂದು ಎಡಚಿ ಕೇಳಿದಳು. ಬೈದಿದ್ದರೆ ಸಹಿಸಬಹುದಿತ್ತು, ಅವನು ನಯವಾಗಿ, ಮಕ್ಕಳಿಗೆ ಪಾಠ ಹೇಳುವವರ ಹಾಗೆ ಹೇಳಿದ.

“ನೋಡಿ, ಒಂದೇ ಸಲ ಬಳಸಿ ಮಣ್ಣಿಗೆ ಹಾಕೋದು ತಪ್ಪಲ್ವಾ? ಗೆಸ್ಟ್ ಉಂಡ ಟ್ರೇನೇ ಒಂದು ಬಟ್ಟೆ ತಗೊಂಡು ಒರೆಸ್ಕೊಳಿ. ಟ್ರೇಗೆ ಎರಡನೇ ಜನ್ಮ ಸಿಕ್ಕ ಹಾಗಾಗುತ್ತೆ. ತೊಳೀಬೇಡಿ ಮತ್ತೆ, ಕರಗಿಹೋಗುತ್ತೆ.”

ಎರಡನೆಯ ಜನ್ಮದಲ್ಲಾದರೂ ಟ್ರೇಗೆ ಒಳ್ಳೆಯ ಮನೆ ಸಿಗಲಿ ಎಂದು ಅಡುಗೆಯವನು ಮೆಲ್ಲಗೆ ತಮಾಷೆ ಮಾಡಿದ. ಯಾರೂ ನಗಲಿಲ್ಲ.

ಆವತ್ತು ನನ್ನ ಪಾಲಿಗೆ ಬಂದ ಟ್ರೇಯ ಅಂಚಿನಲ್ಲಿ ತುಟಿಬಣ್ಣ ಹತ್ತಿತ್ತು. ಒರೆಸಿದಷ್ಟೂ ಹರಡಿತು. ಸಿಪ್ಪೆಯ ಟ್ರೇ ಅಲ್ಲವೇ, ಎಲ್ಲವನ್ನೂ ಕುಡಿದುಬಿಡುತ್ತದೆ. ನಾನು ಅದರಲ್ಲೇ ಅನ್ನ ಹಾಕಿಸಿಕೊಂಡು ತಿಂದೆ. ನಾಚಿಕೆಯಿಂದ ಹೇಳುತ್ತಿದ್ದೇನೆ, ಹಸಿವಿತ್ತು, ತಿಂದೆ. ಎಡಚಿಯೂ ಕಣ್ಣುಮುಚ್ಚಿಕೊಂಡು ತಿಂದಳು. ದೊಡ್ಡಮ್ಮ ಮಾತ್ರ ಹೊಟ್ಟೆ ಸರಿಯಿಲ್ಲ ಎಂದು ಎದ್ದು ಹೋದಳು.

ಮಾರನೆಯ ದಿನವೂ ಅವಳ ಹೊಟ್ಟೆ ಸರಿಯಿರಲಿಲ್ಲ. ಅದರ ಮಾರನೆಯ ದಿನವೂ. ಬೆಳಿಗ್ಗೆ ಆರಕ್ಕೆ ಬಂದು ಸಂಜೆ ಐದರವರೆಗೆ ನೀರು ಕುಡಿದುಕೊಂಡೇ ಗುಂಡಿಗೆ ಮಣ್ಣು ಎಳೆಯುತ್ತಿದ್ದಳು. ಅಡುಗೆಯವನು ಕನಿಕರದಿಂದ ಪಾತ್ರೆಯ ಮುಚ್ಚಳದಲ್ಲಿ ಅನ್ನ ತಂದರೆ, ನಾಯಿಗೆ ಹಾಕುವ ಹಾಗೆ ಹಾಕುತ್ತೀಯಾ ಎಂದು ಅವನಿಗೇ ಮಂಗಳಾರತಿ ಎತ್ತಿದಳು. ನಾನು ಮನೆಯಿಂದ ಸ್ಟೀಲಿನ ತಟ್ಟೆ ತಂದೆ. ಗೇಟಿನವನು ಅದನ್ನು ಕಿತ್ತಿಟ್ಟುಕೊಂಡ. ಒಳಗೆ ಬಂದ ತಟ್ಟೆ ಹೊರಗೆ ಹೋಗುವಾಗ ಅದು ಯಾರದು ಎಂದು ಹೇಗೆ ಗೊತ್ತಾಗಬೇಕು ಎಂಬುದು ಅವನ ಪ್ರಶ್ನೆ. ನಮ್ಮ ಕೈಗೆ ತಟ್ಟೆ ಬಂದರೆ ಅದು ಕದ್ದದ್ದೇ ಇರಬೇಕು.

ಟ್ರೇ ಬಂದ ಎಂಟನೆಯ ದಿನ ಗುಂಡಿಯ ಹತ್ತಿರ ದೊಡ್ಡಮ್ಮ ಕುಸಿದು ಕೂತಳು. ನನಗೆ ಭಯವೂ ಆಯಿತು, ಸಿಟ್ಟೂ ಬಂತು. ನಾವೆಲ್ಲ ತಿನ್ನುತ್ತಿಲ್ಲವೇ, ನಿನಗೊಬ್ಬಳಿಗೇನು ಕೊಬ್ಬು, ಸತ್ತರೆ ಅಮ್ಮನಿಗೆ ನಾನೇನು ಹೇಳಲಿ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಮೊಣಕೈಯ ಮಣ್ಣು ಒರೆಸಿಕೊಂಡಳು.

“ಮೂವತ್ತು ವರ್ಷ ಎಲ್ಲರ ಎಂಜಲು ಬಳಿದಿದೀನಿ. ಕೈಗೆ ಹತ್ತಿದ್ದು ನೀರಲ್ಲಿ ಹೋಗುತ್ತೆ ಕಣೇ. ಬಾಯಿಗೆ ಹತ್ತಿದ್ದು ಹೋಗಲ್ಲ,” ಎಂದಳು. ಸೆರಗು ಕೊಡವಿಕೊಂಡು, “ಅವನ ಬಾಯಿಗೆ ಮಣ್ಣು ಹಾಕ, ಬಡ್ಡಿಮಗ,” ಎಂದು ಸೇರಿಸಿದಳು. ಮಣ್ಣೇನೋ ಪಕ್ಕದಲ್ಲೇ ಬೇಕಾದಷ್ಟಿತ್ತು, ಹಸಿರಣ್ಣ ಇರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆಯೇ ಧಣಿ ಬಂದ. ಹಸಿರಣ್ಣ ಓಡಿ ಬಂದು ಉಗ್ರಾಣದ ಬೀಗ ತೆಗೆದು, ಪಿಂಗಾಣಿ ತಟ್ಟೆಗಳನ್ನೆಲ್ಲ ತೊಳೆಯುವ ಕೋಣೆಗೆ ತರಿಸಿದ. ಮುನ್ನೂರ ಅರವತ್ತು. ಧೂಳು ಹೋಗುವಂತೆ ತೊಳೆದು, ಒರೆಸಿ, ಕಾಗದ ಸುತ್ತಿ ಪೆಟ್ಟಿಗೆಗೆ ತುಂಬಬೇಕಂತೆ. ಧಣಿ ಪೇಟೆಯಲ್ಲಿ ಇನ್ನೊಂದು ಹೋಟೆಲು ತೆರೆಯುತ್ತಿದ್ದಾನೆ. ಅಲ್ಲಿ ಸೂಟು ಹಾಕಿಕೊಂಡ ದೊಡ್ಡವರು ಉಣ್ಣಲು ಬರುತ್ತಾರೆ, ಅವರ ಮುಂದೆ ಸಿಪ್ಪೆಯ ಟ್ರೇ ಇಡುವುದಕ್ಕಾಗುತ್ತದೆಯೇ ಎಂದು ಹಸಿರಣ್ಣ ನಮ್ಮನ್ನೇ ಕೇಳಿದ. ನಮಗೇನು ಗೊತ್ತು. ದೊಡ್ಡವರ ಊಟಕ್ಕೆ ಭೂಮಿ ಬೇರೆ ಇರಬೇಕು ಅಂದುಕೊಂಡೆವು.

ಒಂದೂ ಒಡೆಯಬಾರದು ಎಂದು ಮೂರು ಸಲ ಹೇಳಿ ಅವನು ಧಣಿಯ ಹಿಂದೆ ಹಾಲಿಗೆ ಹೋದ. ಈ ಸಲ ನಿಜವಾಗಿ ಮೂರು ಸಲ ಹೇಳಿದ, ಸುಳ್ಳು ಹೇಳಬಾರದು.

ದೊಡ್ಡಮ್ಮ ನಲ್ಲಿಯ ಹತ್ತಿರ ನಿಂತಳು, ನಾನು ಕಾಗದ ಹರಿಯುತ್ತಾ ಮೇಜಿನ ಹತ್ತಿರ. ಮೊದಲನೆಯ ತಟ್ಟೆಯನ್ನು ಅವಳು ಹಿಂದೆ ಮುಂದೆ ತಿರುಗಿಸಿ ತೊಳೆದಳು. ಟಕ್ ಎಂದಿತು. ಪಾಪ, ಹಸಿದ ಕೈ, ನಡುಗಿತು ಅಂದುಕೊಂಡೆ. ಎರಡನೆಯದು, ಟಕ್. ಮೂರನೆಯದು, ಟಕ್. ನಾನು ತಲೆಯೆತ್ತಿದೆ. ಅವಳ ಕೈ ನಡುಗುತ್ತಿರಲಿಲ್ಲ. ಒಂದೊಂದರಲ್ಲೂ ಅಂಚಿನ ಒಂದೇ ಚಿಪ್ಪು, ಅಳತೆ ಮಾಡಿದ ಹಾಗೆ. ತೊಳೆದದ್ದನ್ನು ಎಡಗಡೆಗೆ ಜೋಡಿಸುತ್ತಿದ್ದಳು. ನಮ್ಮ ತಟ್ಟೆ ಇಡುತ್ತಿದ್ದ ಕಡೆ.

“ದೊಡ್ಡಮ್ಮಾ,” ಎಂದೆ.

“ಬಾಯಿ ಮುಚ್ಕೊಂಡು ಕೆಲಸ ನೋಡು,” ಎಂದಳು.

ಎಡಚಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ನನಗೆ ಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಈ ಕೆಲಸ ಹೋದರೆ ಇನ್ನೊಂದು ನಮಗಾಗಿ ಕಾದುಕೊಂಡಿರಲಿಲ್ಲ. ಎಡಚಿ ಸೆರಗು ಸಿಕ್ಕಿಸಿ ಎರಡನೆಯ ನಲ್ಲಿಗೆ ಹೋದಳು, ಎಡಗೈಯಲ್ಲಿ ಒಂದು ತಟ್ಟೆ ಎತ್ತಿಕೊಂಡಳು. ನಾನು ಕಾಗದ ಮಡಚಿಟ್ಟು ಮೂರನೆಯ ನಲ್ಲಿ ತಿರುಗಿಸಿದೆ. ನನ್ನ ಮೊದಲನೆಯ ತಟ್ಟೆ ಎರಡು ಹೋಳಾಯಿತು. ಇಷ್ಟು ವರ್ಷವಾದರೂ ಕೈ ಕೂಡಲಿಲ್ಲವಲ್ಲೇ ಎಂದು ದೊಡ್ಡಮ್ಮ ಗೊಣಗಿದಳು. ಎರಡನೆಯದರಿಂದ ಸರಿಯಾಯಿತು.

ಹಾಲಿನಲ್ಲಿ ಧಣಿಗಾಗಿ ಹಾಕಿದ ಸಂಗೀತ ಜೋರಾಗಿತ್ತು, ನಮ್ಮ ಮೂರು ನಲ್ಲಿಗಳೂ ಜೋರಾಗಿದ್ದವು. ಒಂದು ಗಂಟೆ ಹಿಡಿಯಿತು. ಇಷ್ಟು ಹುರುಪಿನಿಂದ ನಾನು ಎಂದೂ ಪಾತ್ರೆ ತೊಳೆದಿರಲಿಲ್ಲ.

ಹಸಿರಣ್ಣ ಬಂದಾಗ ಪೆಟ್ಟಿಗೆಗಳು ಖಾಲಿಯಿದ್ದವು, ಎಡಗಡೆಯ ರಾಶಿ ಎದೆಯ ಮಟ್ಟಕ್ಕಿತ್ತು. ಅವನು ಮೇಲಿನ ತಟ್ಟೆ ತೆಗೆದು ನೋಡಿದ. ಅದರ ಕೆಳಗಿನದು ನೋಡಿದ. ನಡುವಿನಿಂದ ಒಂದನ್ನು ಎಳೆದು ನೋಡಿದ.

“ಏನ್ರೇ ಇದು, ಮುಂಡೇವಾ?” ಎಂದ. ನಯ ಎಲ್ಲೋ ಹೋಗಿತ್ತು.

ದೊಡ್ಡಮ್ಮ ಒದ್ದೆ ಕೈಯಿಂದ ಗೋಡೆಯ ಬೋರ್ಡು ತೋರಿಸಿದಳು. “ಅಂಚು ಹೋಗಿದೆ ಸಾರ್. ಅತಿಥಿಗೆ ಹೋಗಕೂಡದು. ಧಣಿ ಸಹಿ ಇದೆ.”

“ಎಷ್ಟು ಹೋಗಿದೆ?”

“ಎಲ್ಲಾ.”

ಅವಳು ರಾಶಿಯಿಂದ ಒಂದು ತಟ್ಟೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು. ಪಕ್ಕದ ಅಡುಗೆಮನೆಗೆ ನಡೆದು ಅಡುಗೆಯವನ ಮುಂದೆ ಹಿಡಿದಳು. ಅವನು ಬಿಸಿ ಅನ್ನ ಹಾಕಿದ, ಮೇಲೊಂದು ಮೀನಿನ ತುಂಡು ಇಟ್ಟ. ದೊಡ್ಡಮ್ಮ ಹಿಂದಿನ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು ಉಣ್ಣತೊಡಗಿದಳು. ಮೊದಲ ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿದಳು. ನನಗೆ ಅಳು ಬಂತು, ಎಡಚಿ ನಗುತ್ತಿದ್ದಳು.

ಹಾಲಿನಲ್ಲಿ ಸಂಗೀತ ನಿಂತಿತು. ಧಣಿಯ ಬೂಟಿನ ಸದ್ದು ಓಣಿಯಲ್ಲಿ ನಮ್ಮ ಕಡೆಗೆ ಬರತೊಡಗಿತು. ಹಸಿರಣ್ಣ ಬಾಗಿಲು ನೋಡಿದ, ರಾಶಿ ನೋಡಿದ. ಅವನ ಹಸಿರು ಅಂಗಿಯ ಕಂಕುಳು ಒದ್ದೆಯಾಗಿತ್ತು. ಅವನೂ ಸಂಬಳಕ್ಕೆ ಇದ್ದವನೇ ಎಂದು ನನಗೆ ಆಗ ಹೊಳೆಯಿತು. ನನ್ನ ತೊಟ್ಟಿಯ ತಳದಲ್ಲಿ ಇನ್ನೂ ಒಂದು ತಟ್ಟೆ ಉಳಿದಿತ್ತು, ಪೂರ್ತಿ ನೆಟ್ಟಗಿರುವುದು. ಅದನ್ನು ಎತ್ತಿದೆ. ಅದಾದರೂ ಉಳಿಯಲಿ ಎಂದು ಅವನು ಎರಡೂ ಕೈ ಚಾಚಿದ.

ನಲ್ಲಿಯ ಮೂತಿಗೆ ಟಕ್ ಎಂದು ತಗುಲಿಸಿ ಅವನ ಕೈಗಿಟ್ಟೆ.

“ಅಯ್ಯೋ, ಅಂಚು ಹೋಯ್ತಲ್ಲ. ತಗೊಳಿ ಸಾರ್, ಇದು ನಿಮ್ದು,” ಎಂದೆ. “ಊಟ ಮಾಡಿದೀರಾ?”