ಮೆತ್ತನ್ನ ಮಣ್ಣು

ನಮ್ಮ ಇಂಡಿ ಕಡೆ ಭೀಮಾ ಹೊಳಿಗಿ ಇಲ್ಲಿಯ ಮಳಿ ಬೇಕಾಗಿಲ್ಲ. ಅಲ್ಲೆಲ್ಲೋ ಸಹ್ಯಾದ್ರಿ ಗುಡ್ಡದಾಗ ಹುಟ್ಟಿ ಬರೂ ಹೊಳಿ ಅದು. ಸೀಗಿ ಹುಣ್ಣಿವಿ ಮುಂದ ಇಲ್ಲಿ ಆಕಾಶ ತೊಳದಿಟ್ಟಾಂಗ ಇತ್ತು. ತೊಗರಿ ಹಳದಿ ಹೂ ಬಿಟ್ಟಿತ್ತು, ಜೋಳದ ಸಾಲು ಆಗಷ್ಟ ಹಸರಾಗಿತ್ತು. ಮ್ಯಾಲ ಗುಡ್ಡದಾಗ ಮಳಿ ಹೊಡಿಯಾಕತ್ತೈತಿ ಅಂತ ಮಂದಿ ಮೊಬೈಲದಾಗ ನೋಡಿ ಹೇಳೂದ್ರಾಗ, ಹೊಳಿ ಕೆಂಪಗಾಗಿ ದಂಡಿ ತಿನ್ನಾಕ ಸುರು ಮಾಡ್ತು. ಅದಕ್ಕೆಲ್ಲಿಯ ನಾಚಿಕಿ.

ಆ ದಂಡಿಗೇ ಪೀರಬಿಯ ಗಂಡ ಕಾಸಿಂಸಾಬನ ಗೋರಿ ಇತ್ತು. ಅಂವ ಸತ್ತದ್ದು ಕಡು ಬ್ಯಾಸಗಿಯಾಗ. ಎರಿ ಹೊಲ ಕಲ್ಲಾಗಿ ಗುದ್ದಲಿ ಪುಟಿಯಾಕತ್ತಿತ್ತು. ಅಗಿಯೋರು ಬೆವರು ಒರಸ್ಕೋತ, ನಿಮ್ಮದ ಹೊಲ, ಹೊಳಿದಂಡಿ ಮಣ್ಣು ಮೆತ್ತಗೈತಿ, ಅಲ್ಲೇ ಇಡೂಣು ಅಂದ್ರು. ಗಂಡ ಮೆತ್ತಗ ಮಲಗಲಿ ಅಂತ ಪೀರಬಿ ಹೂಂ ಅಂದ್ಲು. ಮೆತ್ತನ್ನ ಮಣ್ಣು ಹೊಳಿಗೂ ರುಚಿ ಅನ್ನೂದು ಆ ಉರಿಬಿಸಲಾಗ ಯಾರ ನೆನಪಿಗಿ ಬರಬೇಕು?

ಈಗ ಹೊಳಿ ಗೋರಿ ಸಮೀಪ ಬಂದಿತ್ತು. ಮೈದುನ ಇಜಾಜ ಮುಲ್ಲಾಸಾಬರನ್ನ ಕೇಳ್ಕೊಂಡು ಬಂದ. ಗೋರಿ ತಗದು ಬ್ಯಾರೆ ಕಡೆ ಇಡಬಹುದಂತ, ಆದ್ರ ಕುಸಿಯೂ ದಂಡಿ ಮ್ಯಾಲ ಯಾರೂ ಅಗಿಯಾಕ ಒಲ್ಲೆ ಅಂತಾರ, ನೀರು ಇಳೀಲಿ ಭಾಬಿ ಅಂದ.

ನೀರು ಇಳಿಯೂತನಕ ಹೊಳಿ ಸುಮ್ಮನ ಕುಂದ್ರತೈತೇನು? ಪೀರಬಿ ಗೊಬ್ಬರದ ಖಾಲಿ ಚೀಲ ತಂದ್ಲು. ಗೋರಿ ಹಿಂದಿನ ಮಣ್ಣು ಅಗದು, ಚೀಲಕ್ಕ ತುಂಬಿ, ಹೊಳಿ ಕಡೆ ಒಟ್ಟಾಕ ನಿಂತ್ಲು. ಬಾಜೂ ಹೊಲದ ಹೊನ್ನವ್ವ, ಗಾಳಿ ಗುದ್ದಿ ಮೈ ನೋಯಿಸ್ಕೊಂತಿಯಲ್ಲ ಹುಚ್ಚಿ ಅಂತ ಬೈದ್ಲು, ಆಮ್ಯಾಲ ತಾನೂ ಸೆರಗು ಸಿಗಿಸಿ ಚೀಲದ ಬಾಯಿ ಹಿಡದ್ಲು. ಪೀರಬಿ ಕೈಯಾಗ ಬೊಬ್ಬಿ ಎದ್ದು ಒಡದ್ವು. ಗಂಡನ ಮಾರಿ ಮತ್ತ ನೋಡೂದಂತೂ ಇಲ್ಲ, ಅಂವ ಮಲಗಿದ ಜಾಗ ಒಂದ ಉಳದಿತ್ತು. ಅದೂ ಹೋದ್ರ ತಾ ಎಲ್ಲಿ ಹೋಗಿ ಅಳಬೇಕು ಅನ್ನೂದು ಆಕಿ ಸಂಕಟ.

ಮಧ್ಯಾಣದ ಹೊತ್ತಿಗಿ ಚೀಲದ ಗ್ವಾಡಿ ಎದಿಮಟ ಬಂತು. ನೀರು ಅದಕ್ಕ ಬಡದು ತಿರುಗಿ ಹೋಗಾಕತ್ತು. ಗೆದ್ದಿ ಬಿಡವ್ವ ಅಂದ್ಲು ಹೊನ್ನವ್ವ.

ಅಷ್ಟರಾಗ ಮತ್ತ ದಂಡಿಗಿ ಬಂದ ಇಜಾಜ ಗೋರಿ ಹಿಂದ ನೋಡಿ ಬಾಯಿಮ್ಯಾಲ ಕೈ ಇಟ್ಕೊಂಡ. ಚೀಲಕ್ಕಂತ ಅಗದು ಅಗದು ಗೋರಿ ಹಿಂದ ದೊಡ್ಡ ತಗ್ಗು ಬಿದ್ದಿತ್ತು. ಗ್ವಾಡಿ ಬಾಜೂದಿಂದ ನುಸುಳಿದ ನೀರು ಆ ತಗ್ಗು ತುಂಬಿತ್ತು. ಮುಂದಿನಿಂದ ಬಂದ ಹೊಳಿನ ತಡದಾಕಿ, ಹಿಂದ ತಾನ ಹಾದಿ ಮಾಡಿ ಕೊಟ್ಟಿದ್ಲು. ನೋಡ್ ನೋಡ್ತ ಮಣ್ಣು ಸೀಳು ಬಿಟ್ಟು, ಗೋರಿ, ತಲಿಕಡೆ ನೆಟ್ಟ ಕಲ್ಲು, ಚೀಲ, ಎಲ್ಲಾ ಕೂಡೇ ಜಾರಿ ಹೊಳಿಗಿ ಇಳದ್ವು.

ಪೀರಬಿ ಅದರ ಹಿಂದ ಓಡಿದ್ಲು. ಇಜಾಜ ರಟ್ಟಿ ಹಿಡದು ಎಳದ, ಹೊನ್ನವ್ವ ನಡ ತಬ್ಬಿ ಹಿಡದ್ಲು. ಮಣ್ಣಾಗ ಇದ್ರೇನು, ನೀರಾಗ ಇದ್ರೇನು, ಅಲ್ಲಾಗ ಎರಡೂ ಒಂದ ಭಾಬಿ ಅಂತ ಇಜಾಜ ಅಳ್ಕೋತ ಹೇಳಾಕತ್ತ.

ಆಕಿ ಕೇಳಿಸ್ಕೊಳ್ಳಲಿಲ್ಲ. ಮಣ್ಣಿನ ಕೈಲೆ ಅವನ ಅಂಗಿ ಜಗ್ಗಿ, ಕೆಂಪು ನೀರಿನ ಕಡೆ ತೋರಿಸಿದ್ಲು.

"ನಿಮ್ಮಣ್ಣಗ ಈಸಾಕ ಬರೂದಿಲ್ಲೋ ಇಜಾಜ. ಜಲ್ದಿ ಹೋಗೋ."