ಮೂರು ಊರಿನ ಒಂದು ಪ್ರೋಗ್ರಾಂ

೧೯೯೪ರಲ್ಲಿ ಬೀಜ ಮಾರುವ ಸಂಘವೊಂದು ತನ್ನ ಗೋದಾಮುಗಳ ದಾಸ್ತಾನಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಸುತ್ತಿತ್ತು. ಆಳಂದದಲ್ಲಿ ಖಾಜಾ, ಅಫಜಲಪುರದಲ್ಲಿ ಕಲ್ಯಾಣಪ್ಪ, ಜೇವರ್ಗಿಯಲ್ಲಿ ಶಿವಕಾಂತಾ ಒಂದೊಂದು ಭಾಗ ಬರೆಯುತ್ತಿದ್ದರು. ಮೂವರೂ ತಾತ್ಕಾಲಿಕ ನೌಕರರು. ಖಾಯಂ ಹುದ್ದೆ ಒಂದೇ; ಅದು ಸಿಗದವರಿಗೆ ಮಾರ್ಚಿಗೆ ಕೆಲಸ ಮುಗಿಯುತ್ತಿತ್ತು. ಆರಿಸಬೇಕಾದ ಕಾರ್ಯದರ್ಶಿ ದೌಲತರಾಯರಿಗೆ ಪ್ರೋಗ್ರಾಂ ಓದಲು ಬರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಟೈಪಿಂಗ್ ಪರೀಕ್ಷೆಯ ಹಾಳೆ ತಿದ್ದಿದವರು. ಅಂಚು ಬಿಟ್ಟ ರೀತಿ ನೋಡಿಯೇ ಮನುಷ್ಯನನ್ನು ಅಳೆಯಬಲ್ಲೆನೆಂದು ನಂಬಿದ್ದರು.

ಆ ಅಳತೆಯಲ್ಲಿ ಶಿವಕಾಂತಾಳೇ ಮುಂದು. ಒಂದು ಲೆಕ್ಕದೊಳಗೆ ಇನ್ನೊಂದು ಬಂದಾಗಲೆಲ್ಲ ಸಾಲನ್ನು ನಾಲ್ಕು ಜಾಗ ಒಳಗೆ ಸರಿಸಿ ಬರೆಯುತ್ತಿದ್ದಳು. ಕಲ್ಯಾಣಪ್ಪ ಎರಡು ಜಾಗ ಬಿಡುತ್ತಿದ್ದ. ಖಾಜಾ ಬಿಡುತ್ತಲೇ ಇರಲಿಲ್ಲ. ಅವನ ಸಾಲುಗಳೆಲ್ಲ ಗೋಡೆಗೆ ಒರಗಿ ನಿಂತಂತಿರುತ್ತಿದ್ದವು. ಪ್ರತಿ ಶನಿವಾರ ಅವರಿಬ್ಬರೂ ಬಸ್ಸಿನಲ್ಲಿ ಜೇವರ್ಗಿಗೆ ಫ್ಲಾಪಿ ತಂದಾಗ, ಸಾಲುಗಳನ್ನು ಸರಿಹೊಂದಿಸಿ ಮೂರು ಭಾಗ ಕೂಡಿಸುವುದರಲ್ಲಿ ಅವಳ ಅರ್ಧ ದಿನ ಹೋಗುತ್ತಿತ್ತು.

ಬೇಸತ್ತು ಅವಳೇ ಒಂದು ಚಿಕ್ಕ ಪ್ರೋಗ್ರಾಂ ಬರೆದಳು. ಯಾರು ಹೇಗೆ ಬರೆದಿದ್ದರೂ ಅದು ಸಾಲುಗಳನ್ನು ಒಂದೇ ರೀತಿ ಜೋಡಿಸುತ್ತಿತ್ತು. ಇಬ್ಬರಿಗೂ ಒಂದೊಂದು ಫ್ಲಾಪಿ ಕೊಟ್ಟಳು.

“ಅಕ್ಕಾ, ಖಾಲಿ ಜಾಗ ಕಂಪ್ಯೂಟರಿಗೇ ಬ್ಯಾಡ. ನಿಮಗ್ಯಾಕ್ ಬೇಕ್ರಿ?” ಎಂದ ಖಾಜಾ.

“ಶನಿವಾರ ಕೂಡಸಾಕ ಕುಂದ್ರೋದು ಕಂಪ್ಯೂಟರ್ ಅಲ್ಲೋ, ನಾನು. ಇದನ್ನ ಓಡಿಸ್ಕೊಂಡೇ ಬಾ.”

“ನಾಲ್ಕು ಬ್ಯಾಡ, ಮೂರು ಇಡ್ರಿ,” ಎಂದು ಕಲ್ಯಾಣಪ್ಪ ಚೌಕಾಸಿಗಿಳಿದ. “ನಂದೂ ಅಲ್ಲ, ನಿಮ್ದೂ ಅಲ್ಲ.”

“ಕಾಯಿಪಲ್ಯ ಅಲ್ಲಪಾ ಇದು!” ನಾಲ್ಕೇ ಉಳಿಯಿತು.

ಮುಂದಿನ ಶನಿವಾರ ಕೂಡಿಸುವ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಹೆಮ್ಮೆಯಿಂದ ಮೂವರ ಪ್ರಿಂಟನ್ನೂ ದೌಲತರಾಯರ ಮುಂದಿಟ್ಟಳು. ಅವರು ಫೂಟುಪಟ್ಟಿ ಹಿಡಿದು ಹಾಳೆ ಹಾಳೆಯ ಅಂಚನ್ನೂ ನೋಡಿದರು.

“ಖಾಜಾ ಎಷ್ಟ್ ಸುಧಾರಿಸ್ಯಾನ್ರಿ ಶಿವಕಾಂತಾಬಾಯಿ! ನೀವು ಮೊದಲ ಎಲ್ಲಿದ್ರೋ ಅಲ್ಲೇ ಅದೀರಿ.”

“ಸರ್, ಅವೆಲ್ಲಾ ಜೋಡಿಸಿದ್ದು ನಾ ಬರದ ಪ್ರೋಗ್ರಾಂರಿ.”

“ಹೌದಲ್ರಿ, ನೀವು ಕಲಿಸಿದ್ರಿ, ಅವ ಕಲ್ತ. ಕಲಿಯೋ ಗುಣ ಎಲ್ಲಾರಿಗೂ ಇರಂಗಿಲ್ಲ.”

ಖಾಯಂ ಹುದ್ದೆ ಖಾಜಾನಿಗೆ ಹೋಯಿತು.

ಶಿವಕಾಂತಾ ಬಂದು ಕಂಪ್ಯೂಟರಿನ ಮುಂದೆ ಕೂತಳು. ಕೂಡಿಸಿದ ಪ್ರೋಗ್ರಾಂ ತೊಗರಿ ಬೀಜದ ಚೀಲಗಳನ್ನು ದಾಸ್ತಾನಿನಿಂದ ಎರಡೆರಡು ಸಲ ಕಳೆಯುತ್ತಿತ್ತು. ಮೊದಲಾಗಿದ್ದರೆ ತಪ್ಪಿದ ಸಾಲು ಯಾರದೆಂದು ನೋಡಿದೊಡನೆ ತಿಳಿಯುತ್ತಿತ್ತು. ಈಗ ಎಲ್ಲವೂ ಒಂದೇ ಕೈಬರಹ. ಖಾಜಾನದೇ ಇರಲೆಂಬ ಆಸೆಯಿಂದ ಅವನ ಭಾಗವನ್ನು ಎರಡು ಸಲ ಓದಿದಳು. ಅಲ್ಲಿರಲಿಲ್ಲ. ತಪ್ಪು ಅವಳದೇ ಭಾಗದಲ್ಲಿ, ಅಂದವಾಗಿ ನಾಲ್ಕು ಜಾಗ ಒಳಗೆ ಸರಿದು ಕೂತಿತ್ತು. ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತ ಖಾಜಾ ಒಳಗೆ ಬರುವ ಮೊದಲೇ ಆ ಸಾಲನ್ನು ಅಳಿಸಿದಳು.