ಮಡಚದ ಪಾವಟಿಗೆ

ರಾವಸಾಹೇಬರ ಗಾಡಿಯ ಪಾವಟಿಗೆಯನ್ನು ಕೂರಿಸಿದವನು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಕಬ್ಬೂರ ಕ್ರಾಸಿನಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಕಬ್ಬಿನ ಟ್ರೇಲರ್ ಕಟ್ಟುತ್ತಿದ್ದೇನೆ. ಬಾಳೇಶ ಸಿಟ್ಟಿನ ಮನುಷ್ಯ ಅಂತ ಸುತ್ತಲಿನ ಊರಿಗೆಲ್ಲ ಗೊತ್ತು. ಬಾಳೇಶ ಹಚ್ಚಿದ್ದು ಬಿಚ್ಚುವುದಿಲ್ಲ ಅಂತಲೂ ಗೊತ್ತು. ಎರಡನೆಯದಕ್ಕಾಗಿ ಜನ ಮೊದಲನೆಯದನ್ನು ಸಹಿಸಿಕೊಂಡು ಬಂದಿದ್ದಾರೆ.

ರಾವಸಾಹೇಬರು ಕಬ್ಬು, ದ್ರಾಕ್ಷಿ ಎರಡೂ ಇರುವ ದೊಡ್ಡ ಒಕ್ಕಲುತನದವರು. ಅವರ ಮಗ ರೋಹನ ಪುಣೆಯಿಂದ ಒಂದು ನಾಲ್ಕು ಬಾಗಿಲಿನ ಪಿಕಪ್ ತಂದಿದ್ದ. ಎಷ್ಟು ಎತ್ತರವೆಂದರೆ ಹತ್ತಲು ಪಾವಟಿಗೆ ಬೇಕೇ ಬೇಕು. ಅದೂ ಮೋಟರಿನ ಪಾವಟಿಗೆ. ಬಾಗಿಲು ತೆಗೆದರೆ ಗಾಡಿಯ ಹೊಟ್ಟೆಯ ಕೆಳಗಿನಿಂದ ತಾನಾಗಿ ಹೊರಗೆ ಬರುವುದು, ಬಾಗಿಲು ಹಾಕಿದರೆ ಮತ್ತೆ ಒಳಗೆ ಮಡಚಿಕೊಳ್ಳುವುದು. ಮೂಗಿಗಿಂತ ಮೂಗುತಿ ಭಾರ ಅಂತ ನಾನು ಅವತ್ತೇ ನಕ್ಕಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರೆಮಣ್ಣು, ಕಬ್ಬಿನ ಒಣ ಸೋಗೆಯ ರವದಿ ಸಿಕ್ಕಿ ಎಡಗಡೆಯ ಮೋಟರ್ ಸುಟ್ಟಿತು, ಬಲಗಡೆಯದು ತನಗೆ ತಿಳಿದಾಗ ಬರುವುದು, ತಿಳಿದಾಗ ಹೋಗುವುದು ಶುರುಮಾಡಿತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ರಾವಸಾಹೇಬರು ಗಾಡಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಒಳಗೆ ಅವರ ತಾಯಿ ರುಕ್ಮವ್ವ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು.

“ಬಾಳೇಶಾ, ಇದರ ಆಟ ಸಾಕಾಗೈತಿ. ಅವ್ವ ಒಂದ ಕಾಲ ಇಟ್ಟಿದ್ಲು, ಅಷ್ಟರಾಗ ಒಳಗ ಹೋತು. ಬಿದ್ಲು. ಎರಡೂ ಕಡೆ ಹೊರಗ ಎಳದ ಜಾಮ್ ಮಾಡಿ ಬಿಡು.”

“ಹೊಸಾ ಮೋಟರ್ ತರಸ್ರಿ.”

“ಎರಡ ತಿಂಗಳ ಅಂತಾರ. ನಾಳೆ ಮುಂಜಾನೆ ಅವ್ವನ್ನ ಮೀರಜಕ್ಕ ದವಾಖಾನಿಗೆ ಒಯ್ಯಬೇಕು. ಇವತ್ತ ಸಂಜೀ ಒಳಗ ಆಗಬೇಕು.”

ಮೋಟರ್ ಬಿಚ್ಚಿದೆ. ವಾಯರ್ ಕತ್ತರಿಸಿ ಟೇಪ್ ಸುತ್ತಿದೆ, ಫ್ಯೂಜ್ ತೆಗೆದೆ. ಹಲಗೆಯನ್ನು ಹೊರಗೆ ಎಳೆದು ನಿಲ್ಲಿಸಿದೆ. ಆಮೇಲೆ ತೊಂದರೆ ಕಾಣಿಸಿತು. ಹಲಗೆಯನ್ನು ಹೊತ್ತ ತೋಳುಗಳು ಕಬ್ಬಿಣದವಲ್ಲ, ಅಲ್ಯೂಮಿನಿಯಂ ಎರಕದವು. ನಮ್ಮ ಕಡೆ ಅದಕ್ಕೆ ಜರ್ಮನ್ ಅನ್ನುತ್ತಾರೆ. ಕಬ್ಬಿಣವನ್ನು ಜರ್ಮನ್‌ಗೆ ಬೆಸೆಯಲು ಬರುವುದಿಲ್ಲ. ಆ ತೋಳುಗಳನ್ನು ಕಿತ್ತೆಸೆದು, ಚಾಸಿಯಿಂದಲೇ ಕಬ್ಬಿಣದ ಹೊಸ ತೋಳು ಕಟ್ಟಿ ತರುವುದು ಸರಿಯಾದ ಕೆಲಸ. ಅದಕ್ಕೆ ಎರಡು ದಿನ ಬೇಕು. ನಾನು ತೋಳಿನ ಸಣ್ಣ ಜಾಗದಲ್ಲಿ ತೂತು ಹೊಡೆದು, ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿದೆ. ತೂತು ಹೊಡೆದ ಜರ್ಮನ್ ಅರ್ಧ ಸತ್ತ ಹಾಗೆ. ಗೊತ್ತಿದ್ದೇ ಮಾಡಿದೆ.

“ಇದು ಮುದುಕಿ ಹತ್ತಾಕ ಇಳಿಯಾಕ ಅಷ್ಟ ನೋಡ್ರಿ ಸಾಹೇಬ್ರ. ಮುಂದಿನ ವಾರ ತರ್ರಿ, ಚಾಸಿಯಿಂದ ಪಕ್ಕಾ ಮಾಡಿ ಕೊಡ್ತೀನಿ,” ಅಂದೆ. ಅವರು ಹೂಂ ಅಂದರು.

ಆಮೇಲೆ ಮಾಡಿದ ಕೆಲಸಕ್ಕೆ ನನ್ನನ್ನು ನಾನೇ ಚಪ್ಪಲಿಯಿಂದ ಹೊಡೆದುಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಟ್ರೇಲರ್ ಕಟ್ಟಿದವನು ಅದರ ಮೇಲೆ ವೆಲ್ಡಿಂಗ್ ಕಡ್ಡಿಯಿಂದ ತನ್ನ ಹೆಸರು ಬರೆಯುತ್ತಾನೆ. ಕೈ ರೂಢಿಗೆ ಬಿದ್ದದ್ದು. ಎರಡೂ ಪಟ್ಟಿಯ ಮೇಲೆ ‘ಬಾಳೇಶ, ಕಬ್ಬೂರ’ ಅಂತ ಬರೆದುಬಿಟ್ಟೆ.

ಮುಂದಿನ ವಾರ ಗಾಡಿ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಕಾರ್ಖಾನೆ ಶುರುವಾಗುವ ಕಾಲ, ಅಂಗಳದ ತುಂಬ ಟ್ರೇಲರ್ ನಿಂತಿದ್ದವು.

ಅಕ್ಟೋಬರಿನಲ್ಲಿ ದ್ರಾಕ್ಷಿಯ ಚಾಟ್ನಿ ಬಂತು. ಬಳ್ಳಿಯ ಕಡ್ಡಿ ಕತ್ತರಿಸುವ ಈ ಕೆಲಸ ಎಂಟು-ಹತ್ತು ದಿನದಲ್ಲಿ ಮುಗಿಯಲೇಬೇಕು, ಇಲ್ಲದಿದ್ದರೆ ಹಣ್ಣಿನ ಲೆಕ್ಕಾಚಾರವೆಲ್ಲ ತಪ್ಪುತ್ತದೆ. ರಾವಸಾಹೇಬರ ದ್ರಾಕ್ಷಿ ತೋಟ ರಾಯಬಾಗದ ಹಾದಿಯಲ್ಲಿ, ಕಾಲುವೆಯ ಏರಿ ಹಿಡಿದು ಹತ್ತು ಕಿಲೋಮೀಟರ್. ಮಲಕವ್ವನೆಂಬ ಹಿರಿಯಳ ಗುಂಪಿನಲ್ಲಿ ನಮ್ಮೂರ ಹೆಂಗಸರು ಹೊರಟರು. ನನ್ನ ಹೆಂಡತಿ ಅನುಸೂಯಾ ಅವರಲ್ಲಿ ಎಲ್ಲರಿಗಿಂತ ಚುರುಕು ಕೈಯವಳು.

ಮೊದಲನೆಯ ದಿನ ಸಂಜೆ ಅವಳು ಬಹಳ ಹಿಗ್ಗಿನಲ್ಲಿ ಬಂದಳು.

“ಸಾಹೇಬ್ರ ಗಾಡಿ ಹಿಂದ ಔಷಧದ ಬ್ಯಾರಲ್ ತುಂಬ್ಯಾರ್ರಿ. ಮುದುಕ್ಯಾರು ಅಲ್ಲೇ ಕುಂತ್ರು. ನಾವು ನಾಕ ಮಂದಿ ಪಾವಟಿಗಿ ಮ್ಯಾಲ ನಿಂತ ಹೋದ್ವಿ, ಈ ಕಡೆ ಇಬ್ರು, ಆ ಕಡೆ ಇಬ್ರು. ಉಳದವ್ರು ಅಂಜಿ ಒಳಗ ಒತ್ತಿ ಕುಂತ್ರು. ನಾ ನಿಮ್ಮ ಹೆಸರ ತೋರಿಸಿದೆ. ಇವರ ಟ್ರೇಲರ್ ಇಪ್ಪತ್ತ ಟನ್ ಹೊರತಾವು, ನಮ್ಮನ್ನ ಹೊರೂದಿಲ್ಲೇನು ಅಂದೆ.”

ಮೋಟರಿನ ಪಾವಟಿಗೆ ಇದ್ದಾಗ ಬಾಗಿಲು ಹಾಕಿದ ಕೂಡಲೇ ಅದು ಒಳಗೆ ಹೋಗುತ್ತಿತ್ತು, ಯಾರಿಗೂ ನಿಲ್ಲಲು ಜಾಗವೇ ಇರಲಿಲ್ಲ. ನಮ್ಮ ಹಾದಿಯಲ್ಲಿ ಓಡುವ ಗಾಡಿಯ ಮೇಲೆ ಎಲ್ಲಿ ಕಾಲಿಡುವಷ್ಟು ಜಾಗ ಇದೆಯೋ ಅಲ್ಲಿ ಒಬ್ಬ ಮನುಷ್ಯ ನಿಂತೇ ನಿಲ್ಲುತ್ತಾನೆ. ಅದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಮುದುಕಿಯ ಕಾಲನ್ನಷ್ಟೇ ನೆನೆದು ಕೆಲಸ ಮಾಡಿದೆ, ಊರನ್ನು ಮರೆತೆ.

ಆ ಕ್ಷಣವೇ ಹೇಳಬೇಕಿತ್ತು. ಅವಳು ರೊಟ್ಟಿ ಬಡಿಯುತ್ತ ಮತ್ತೆ ಮತ್ತೆ ಅದೇ ಮಾತು ಹೇಳಿ ನಗುತ್ತಿದ್ದಳು. ಬಿಸಿತುಪ್ಪ ಬಾಯಲ್ಲಿಟ್ಟವನ ಹಾಗೆ ನುಂಗಲಾರದೆ, ಉಗುಳಲಾರದೆ ಕೂತೆ. “ನಾಳೆ ಹಿಂದ ಕುಂದರು,” ಅಂದೆ ಅಷ್ಟೆ. “ಮುದುಕ್ಯಾರ್ನ ಎಬ್ಬಿಸಿ ಕುಂದರಲೇನು?” ಅಂದಳು.

ಮರುದಿನ ಗಾಡಿ ಚಹದಂಗಡಿಯ ಮುಂದೆ ನಿಂತಾಗ ಬಗ್ಗಿ ನೋಡಿದೆ. ಎಡಗಡೆಯ ಮುಂದಿನ ತೋಳಿನಲ್ಲಿ, ತೂತಿನ ಅಂಚಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಅನುಸೂಯಾ ನಿಲ್ಲುವುದು ಅದೇ ಮೂಲೆಗೆ. ಗಾಡಿ ಓಡಿಸುತ್ತಿದ್ದ ರೋಹನನಿಗೆ ಹೇಳಿದೆ.

“ಕಾಕಾ, ಚಾಟ್ನಿ ಮುಗೀಲಿ, ತರ್ತೀನಿ,” ಅಂದ ಅವನು ಫೋನಿನಿಂದ ತಲೆ ಎತ್ತದೆ.

“ಮಂದಿನ್ನ ನಿಂದರಿಸಬ್ಯಾಡಪಾ.”

“ನಾ ಯಾರಿಗೂ ನಿಂದ್ರ ಅಂದಿಲ್ಲ. ಅವರ ನಿಂದರ್ತಾರ.”

ಮೂರನೆಯ ದಿನ ಕಬ್ಬಿನ ಟ್ರ್ಯಾಕ್ಟರುಗಳು ಹಾದಿಗಿಳಿದವು. ಎರಡೆರಡು ಟ್ರೇಲರ್, ಹೊರಗೆ ಚಾಚಿದ ಗಳಗಳು. ಏರಿಯ ಮೇಲೆ ಎದುರಾದರೆ ಪಿಕಪ್ ಕಾಲುವೆಯ ಕಡೆಗೇ ಸರಿಯಬೇಕು. ಅವತ್ತು ಸಂಜೆ ಅನುಸೂಯಾಳ ತೋಳಿನ ಮೇಲೆ ರವದಿ ಗೀರಿದ ಕೆಂಪು ಗೆರೆಗಳಿದ್ದವು. ಮುಂದಿನ ಒಂದು ಟ್ರೇಲರನ್ನು ಹಿಂದೆ ಹಾಕುವಾಗ ಅದು ಮೈಗೆ ಸವರಿ ಹೋಯಿತಂತೆ. ಅದನ್ನೂ ನಗುತ್ತಲೇ ಹೇಳಿದಳು. ನಾನು ತಾಟು ಸರಿಸಿ ಎದ್ದೆ, ಆದರೂ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷದ ಹೆಸರು ಹೆಂಡತಿಯ ಎದುರಿಗೇ ಮಣ್ಣುಪಾಲಾಗುತ್ತದೆ ಅನ್ನುವ ನಾಚಿಕೆ. ಇಂಥ ನಾಚಿಕೆಗೆ ಬೆಂಕಿ ಬೀಳಲಿ.

ನಾಲ್ಕನೆಯ ದಿನ ಮುಂಜಾನೆ ತಡೆಯಲಾಗಲಿಲ್ಲ. ಗಾಡಿ ಕ್ರಾಸಿನಲ್ಲಿ ನಿಂತು, ಹೆಂಗಸರು ಹತ್ತಿ, ಅನುಸೂಯಾ ತನ್ನ ಮೂಲೆಯಲ್ಲಿ ನಿಂತಿದ್ದಳು. ನಾನು ಅಂಗಡಿಯಿಂದ ಐದು ಕಿಲೋ ಸುತ್ತಿಗೆ ಹಿಡಿದುಕೊಂಡೇ ಬಂದೆ.

“ಇಳೀರಿ ಎಲ್ಲಾರೂ! ಇದು ನಾ ಅವಸರದಾಗ ಮಾಡಿದ ಹೊಲಸ ಕೆಲಸ. ಮುರೀತೈತಿ ಇದು!”

ಬ್ಯಾರಲ್ ನಡುವೆ ಕೂತಿದ್ದ ಮಲಕವ್ವ ನಕ್ಕಳು.

“ಹೇಂತಿ ದುಡದ ಬಂದ್ರ ಗಂಡಸರ ಹೊಟ್ಟಿ ಕುದೀತೈತಿ ನೋಡ್ರಬೇ. ಬಾಳೇಶಾ ಮಾಡಿದ್ದು ಮುರೀತೈತಂತ!”

ಎಲ್ಲರೂ ನಕ್ಕರು. ಅನುಸೂಯಾಳ ಮುಖ ಸಣ್ಣದಾಯಿತು. “ಮಂದಿ ಮುಂದ ಯಾಕ ಹಿಂಗ ಮಾಡಾಕತ್ತೀರಿ?” ಅಂದಳು ಮೆಲ್ಲಗೆ.

ನನ್ನ ಸಿಟ್ಟು ನೆತ್ತಿಗೇರಿತು. ಅವಳ ರಟ್ಟೆ ಹಿಡಿದು ಕೆಳಗಿಳಿಸಿ, ಪಕ್ಕದವಳು ತಾನೇ ಜಿಗಿದ ಮೇಲೆ, ಹಲಗೆಯ ಮೇಲೆ ಸುತ್ತಿಗೆ ಬೀಸಿದೆ. ಮುರಿದು ಕೆಳಗೆ ಬೀಳಲಿ, ಎಲ್ಲರೂ ನೋಡಲಿ, ಉಗುಳಲಿ. ಒಂದು ಏಟು. ಗಾಡಿ ಅಲ್ಲಾಡಿತು, ಹಲಗೆ ನಿಂತಿತು. ಎರಡನೆಯದು. ಮೂರನೆಯದನ್ನು ಮೈಯ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಹಲಗೆ ಸ್ವಲ್ಪ ತಗ್ಗಿತು ಅಷ್ಟೆ, ಬೀಳಲಿಲ್ಲ.

ಹೆಂಗಸರು ಚಪ್ಪಾಳೆ ತಟ್ಟಿದರು. “ಆತಿಲ್ಲೋ ಕಾಕಾ ನಿನ್ನ ಪರೀಕ್ಷೆ?” ಅಂತ ರೋಹನ ಕಿಟಕಿಯಿಂದ ನಕ್ಕು ಗಾಡಿಯೊಳಗಿನ ಹಾಡಿನ ದನಿ ಏರಿಸಿದ. ಇಳಿದಿದ್ದ ಇಬ್ಬರೂ ಮತ್ತೆ ಹಲಗೆ ಹತ್ತಿದರು. ಮೊದಲ ದಿನದಿಂದ ಹೆದರಿ ಒಳಗೆ ಕೂರುತ್ತಿದ್ದ ಒಬ್ಬಳು ಇಳಿದು ಬಂದು ಅನುಸೂಯಾಳ ಪಕ್ಕ ನಿಂತಳು. ಈಗ ಆ ಕಡೆ ಮೂರು ಮಂದಿ. ಅನುಸೂಯಾ ನನ್ನತ್ತ ತಿರುಗಿ ನೋಡಲಿಲ್ಲ, ಆದರೆ ಕತ್ತು ನೆಟ್ಟಗಿತ್ತು. ಗಾಡಿ ಹೊರಟಿತು.

ಸುಳ್ಳು ಯಾಕೆ ಹೇಳಲಿ, ಆ ಒಂದು ಗಳಿಗೆ ನನಗೂ ಹೆಮ್ಮೆ ಅನ್ನಿಸಿತು. ನನ್ನ ಕೈಯನ್ನು ನಾನೇ ಕಡಿಮೆ ಅಂದುಕೊಂಡೆನೇನೋ ಅಂದುಕೊಂಡೆ.

ಧೂಳು ಇಳಿದ ಮೇಲೆ ಡಾಂಬರಿನ ಮೇಲೆ ಏನೋ ಹೊಳೆಯಿತು. ಎತ್ತಿಕೊಂಡೆ. ಹೆಬ್ಬೆಟ್ಟಿನಷ್ಟು ದಪ್ಪದ ಜರ್ಮನ್ ಚೂರು. ಒಂದು ಮೈ ಹಳೆಯದು, ಕರಿ ಹಿಡಿದದ್ದು. ಇನ್ನೊಂದು ಮೈ ಸಕ್ಕರೆಯ ಹರಳಿನಂತೆ ಬೆಳ್ಳಗೆ, ಆಗಷ್ಟೇ ಒಡೆದದ್ದು. ಅಂಚಿನಲ್ಲಿ ನಾನು ಹೊಡೆದ ತೂತಿನ ಅರ್ಧ ಸುತ್ತು ಇತ್ತು. ಕೂದಲೆಳೆಯ ಬಿರುಕು ಇನ್ನೂ ಎಂಟು ದಿನ ತಾಳುತ್ತಿತ್ತೋ ಏನೋ. ಮೂರು ಏಟಿನಲ್ಲಿ ನಾನೇ ಅದನ್ನು ಪೂರ್ತಿ ಮಾಡಿ, ಮೂವರನ್ನು ಹತ್ತಿಸಿ ಕಳಿಸಿದ್ದೆ.

ಬೈಕಿನ ಕಡೆಗೆ ಓಡುತ್ತಲೇ ರೋಹನನಿಗೆ ಫೋನ್ ಹಚ್ಚಿದೆ. ಹಾಡಿನ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಅನುಸೂಯಾಳಿಗೆ ಹಚ್ಚಿದೆ. ರಿಂಗಾಯಿತು. ಎತ್ತು, ಎತ್ತು ಅಂತ ಬಾಯಿ ಬಿಟ್ಟೇ ಕೂಗಿದೆ. ಅಷ್ಟರಲ್ಲಿ ಗಾಡಿ ಕಾಲುವೆಯ ಏರಿ ಹತ್ತಿರಬೇಕು. ಅವಳ ಎಡಗೈಯಲ್ಲಿ ಬುತ್ತಿ ಗಂಟು. ಬಲಗೈಯಲ್ಲಿ ಗಾಡಿಯ ಮೇಲಿನ ಸರಳು. ಫೋನು ಸೊಂಟದ ಚೀಲದಲ್ಲಿ. ಎತ್ತಬೇಕೆಂದರೆ ಅವಳು ಸರಳು ಬಿಡಬೇಕು.

ಫೋನ್ ಕಟ್ ಮಾಡಿ ಬೈಕಿಗೆ ಕಿಕ್ ಹೊಡೆದೆ.